ಬಡತನ ನೋಡುವ ಶಾಸ್ತ್ರ

ಬಡತನದ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಅದರಲ್ಲಿ ನನ್ನ ತಪ್ಪೇನೂ ಇಲ್ಲ. ಹೂವಿನಹಡಗಲಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವಳು ನಾನು. ಬಡತನವೆಂದರೆ ನಮ್ಮಲ್ಲಿ ಒಂದು ಅಧ್ಯಾಯ. ಅದಕ್ಕೆ ವ್ಯಾಖ್ಯೆ ಇದೆ, ವಿಧಗಳಿವೆ, ಕಾರಣಗಳಿವೆ, ಪರಿಹಾರೋಪಾಯಗಳಿವೆ. ಪರೀಕ್ಷೆಗೆ ಖಾತ್ರಿ ಬರುತ್ತದೆ. ಬೋರ್ಡಿನ ಮೇಲೆ ಬಡತನ ರೇಖೆಯನ್ನು ಎಳೆದೂ ಎಳೆದೂ ಈಗ ಕಣ್ಣು ಮುಚ್ಚಿಕೊಂಡರೂ ನೆಟ್ಟಗೆ ಬರುತ್ತದೆ. ರೇಖೆಯ ಕೆಳಗಿನವರು ಬಡವರು, ಮೇಲಿನವರು ಅಲ್ಲ. ಮಕ್ಕಳು ಬರೆದುಕೊಳ್ಳುತ್ತಾರೆ, ನಾನು ಕೈಗೆ ಹತ್ತಿದ ಸೀಮೆಸುಣ್ಣ ಝಾಡಿಸಿಕೊಂಡು ಸ್ಟಾಫ್ ರೂಮಿಗೆ ಬಂದು ಚಹಾ ಕುಡಿಯುತ್ತೇನೆ. ಬಡತನದ ಜೊತೆ ನನ್ನ ಸಂಸಾರ ಇಷ್ಟು ಸುಖವಾಗಿ ನಡೆದಿತ್ತು. ನಮ್ಮ ಪ್ರಿನ್ಸಿಪಾಲರು ನಡುವೆ ಬಂದು ಕೆಡಿಸಿದರು.

ಆದದ್ದಿಷ್ಟು. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರು ಗ್ರಾನೈಟ್ ವ್ಯಾಪಾರದಲ್ಲಿ ದೊಡ್ಡವರಾಗಿ, ಕಾಲೇಜಿನ ನೆನಪಾಗಿ, ಬಡ ಮಕ್ಕಳ ಫೀಸಿಗೆಂದು ಒಂದು ನಿಧಿ ಕೊಟ್ಟರು. ಜೊತೆಗೆ ಒಂದೇ ಒಂದು ಷರತ್ತು: ಹಣ ನಿಜವಾದ ಬಡವರಿಗೆ ಮುಟ್ಟಬೇಕು. ಆ ‘ನಿಜವಾದ’ ಎಂಬ ಒಂದು ಮಾತಿಗೆ ನಮ್ಮ ಕಾಲೇಜು ತತ್ತರಿಸಿಹೋಯಿತು. ಯಾಕೆಂದರೆ ಅರ್ಜಿಗಳ ಜೊತೆ ಬಂದ ಆದಾಯ ಪ್ರಮಾಣಪತ್ರಗಳನ್ನು ನೋಡಿದರೆ ಎಲ್ಲರ ಆದಾಯವೂ ಹೆಚ್ಚುಕಡಿಮೆ ಒಂದೇ. ಕಾರಿನಲ್ಲಿ ಬಂದು ಇಳಿಯುವ ಹುಡುಗನ ಅಪ್ಪನದೂ ಅಷ್ಟೇ, ಊಟದ ಡಬ್ಬಿಯಿಲ್ಲದೆ ಬರುವ ಹುಡುಗಿಯ ಅಪ್ಪನದೂ ಅಷ್ಟೇ. ಸಮಾನತೆ ಬರಲಿ ಎಂದು ದೇಶದೇಶಗಳಲ್ಲಿ ಎಷ್ಟೆಲ್ಲ ಹೋರಾಟಗಳು ನಡೆದಿವೆ. ನಮ್ಮ ಕಡೆ ಅದು ಗದ್ದಲವಿಲ್ಲದೆ ಬಂದುಬಿಟ್ಟಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. “ಕಾಗದ ನಂಬಬ್ಯಾಡ್ರಿ ಮೇಡಂ, ಮನಿಗೇ ಹೋಗಿ ನೋಡಿಕ್ಯಂಡು ಬರ್ರಿ. ಬಡತನ ನಿಮ್ಮ ಸಬ್ಜೆಕ್ಟ್ ಅಲ್ಲೇನ್ರಿ?” ಎಂದು ಪ್ರಿನ್ಸಿಪಾಲರು ನನ್ನನ್ನು ಪರಿಶೀಲನಾ ಸಮಿತಿಗೆ ಹಾಕಿದರು. ಜೊತೆಗೆ ವಾಣಿಜ್ಯ ವಿಭಾಗದ ಕೊಟ್ರಬಸಪ್ಪನವರನ್ನು ಕೊಟ್ಟರು.

ಕೊಟ್ರಬಸಪ್ಪನವರು ಹರಪನಹಳ್ಳಿ ಕಡೆಯವರು, ನಿಯಮಕ್ಕೆ ಕಟ್ಟುಬಿದ್ದ ಮನುಷ್ಯ. ಪರೀಕ್ಷಾ ಕೊಠಡಿಯಲ್ಲಿ ತಮ್ಮ ಸ್ವಂತ ಅಣ್ಣನ ಮಗನ ಹಾಲ್ ಟಿಕೆಟ್ ಕೇಳಿ, ಅವನು ಮರೆತು ಬಂದಿದ್ದಕ್ಕೆ ಮನೆಗೆ ಓಡಿಸಿದವರು. ಎರಡೇ ದಿನದಲ್ಲಿ ಅವರು ಬಡತನಕ್ಕೆ ಅಂಕಪಟ್ಟಿ ಸಿದ್ಧ ಮಾಡಿದರು. ತಗಡಿನ ಮನೆಗೆ ಇಷ್ಟು, ಹೆಂಚಿನ ಮನೆಗೆ ಇಷ್ಟು, ಟಿ.ವಿ. ಇಲ್ಲದಿದ್ದರೆ ಇಷ್ಟು, ಫ್ರಿಜ್ ಇಲ್ಲದಿದ್ದರೆ ಇಷ್ಟು, ಕುರ್ಚಿಯೂ ಇಲ್ಲದಿದ್ದರೆ ಮತ್ತಷ್ಟು. ಹೆಚ್ಚು ಅಂಕ ಬಂದವರು ಹೆಚ್ಚು ಬಡವರು. ಇರುವುದಕ್ಕೆ ಬಿಟ್ಟು ಇಲ್ಲದ್ದಕ್ಕೆ ಅಂಕ ಕೊಡುವ ಪರೀಕ್ಷೆ ಜಗತ್ತಿನಲ್ಲಿ ಇದೇ ಮೊದಲು ಇರಬೇಕು. “ಫ್ರಿಜ್ ಐತೆ, ಆದ್ರೆ ಕೆಟ್ಟೈತೆ ಅಂದ್ರೆ?” ಎಂದು ನಾನು ಕೇಳಿದೆ. ಅವರು ಆಳವಾಗಿ ಯೋಚಿಸಿ, “ಅರ್ಧ ಅಂಕ ಕೊಡಾನ ಮೇಡಂ” ಎಂದರು.

ನೋಡುವುದರಲ್ಲೇನು ಕಷ್ಟ ಎಂದು ನಿಮಗೆ ಅನ್ನಿಸಬಹುದು. ನಮ್ಮತ್ತೆಯವರನ್ನು ನೀವು ನೋಡಿಲ್ಲ. ಬದನೆಕಾಯಿ ಗಾಡಿಯವನು ಬಾಗಿಲಿಗೆ ಬಂದರೆ ಅವರಷ್ಟು ಬಡವರು ಈ ಭೂಮಿಯ ಮೇಲೆ ಇಲ್ಲ. ಮಗ-ಸೊಸೆ ಇಬ್ಬರೂ ದುಡಿದರೂ ಮನೆಯಲ್ಲಿ ಉಪ್ಪಿಗೂ ಗತಿಯಿಲ್ಲ. ಅವನು ಹೋದ ಮೇಲೆ, ಅದೇ ಕಟ್ಟೆಯ ಮೇಲೆ ಕುಳಿತು, ಬೀಗರ ಫೋನು ಬಂದರೆ ಸಾಕು, ನಮ್ಮ ಮನೆಯಲ್ಲಿ ಹಾಲು ತುಪ್ಪ ಹರಿಯತೊಡಗುತ್ತದೆ. ಇಂಥವರ ಮನೆಯಲ್ಲಿದ್ದುಕೊಂಡು ನಾನು ಇನ್ನೊಬ್ಬರ ಮನೆಯ ಬಡತನವನ್ನು ಕಣ್ಣಳತೆಯಲ್ಲಿ ಹೇಳಲು ಹೊರಟಿದ್ದೆ.

ಮೊದಲಿಗೆ ಹಗರಿಬೊಮ್ಮನಹಳ್ಳಿಯಲ್ಲೇ ಪೆಟ್ಟು ತಿಂದೆವು. ಹುಡುಗನ ಅಪ್ಪ ಮೆಕ್ಕೆಜೋಳದ ವ್ಯಾಪಾರಿ ಎಂದು ಯಾರೋ ಹೇಳಿದ್ದರು. ಹೋಗಿ ನೋಡಿದರೆ ಹಳೇ ಹೆಂಚಿನ ಒಂದು ಅಂಕಣದ ಮನೆ, ನೆಲಕ್ಕೆ ಚಾಪೆ, ಗೋಡೆಗೆ ಬಣ್ಣವಿಲ್ಲ. ತಾಯಿ ತಲೆ ತುಂಬ ಸೆರಗು ಹೊದ್ದು, “ಹೆಂಗೋ ದಿನ ಹೋಗ್ತಾವ್ರೀ” ಎಂದು ಕಣ್ಣೊರೆಸಿಕೊಂಡರು. ಕೊಟ್ರಬಸಪ್ಪನವರು ಮರುಗುತ್ತ ಅಂಕದ ಮೇಲೆ ಅಂಕ ಹಾಕುತ್ತಿದ್ದರು. ಆ ತಾಯಿ ಚಹಾ ಮಾಡುತ್ತೇನೆಂದು ಒಳಗೆ ಹೋದರು. ಒಂದು ಡಬ್ಬಿ ತೆಗೆದ ಸದ್ದು, ಮುಚ್ಚಿದ ಸದ್ದು. ಇನ್ನೊಂದು ಡಬ್ಬಿ. ಮತ್ತೊಂದು. ಕೊನೆಗೆ ಹಿತ್ತಿಲ ಬಾಗಿಲಿಗೆ ಹೋಗಿ, “ಏ ನಾಗವ್ವಾ, ಸಕ್ರಿ ಎಲ್ಲಿಟ್ಟೀಯಲೇ?” ಎಂದು ಕೂಗಿದರು. ಹಿತ್ತಿಲಿನಿಂದ, “ಗೂಡಿನಾಗ ಐತ್ರಿ ಅಮ್ಮಾರ, ಅಕ್ಕಿ ಡಬ್ಬಿ ಹಿಂದ” ಎಂದು ಉತ್ತರ ಬಂತು. ಅದು ನಾಗವ್ವನ ಮನೆ. ನಾಗವ್ವ ಅವರ ಮನೆಗೆಲಸದವಳು. ಬಡತನ ಒಂದು ಹೊತ್ತಿನ ಬಾಡಿಗೆಗೆ ಸಿಕ್ಕಿತ್ತು. ನಾನು ಇದನ್ನು ಸಭೆಯಲ್ಲಿ ಹೇಳಿದಾಗ ಪ್ರಿನ್ಸಿಪಾಲರು ಅಂಕಪಟ್ಟಿಯನ್ನು ಮೇಲೆ ಕೆಳಗೆ ಓದಿ, ಸಕ್ಕರೆ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಅಂಕ ಕಳೆಯುವ ನಿಯಮ ಇದರಲ್ಲಿಲ್ಲವಲ್ಲ ಎಂದರು. ಆ ಹುಡುಗನಿಗೆ ಹಣ ಮಂಜೂರಾಯಿತು.

ಇನ್ನು ಶಿಲ್ಪಾಳ ವಿಷಯ. ಹಿರೇಹಡಗಲಿಯ ಹುಡುಗಿ, ಬಿ.ಎಸ್ಸಿ. ಎರಡನೆಯ ವರ್ಷ, ಓದಿನಲ್ಲಿ ಚುರುಕು. ಅಪ್ಪ ಬಸಣ್ಣ ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ ಒಗ್ಗರಣೆ-ಮಿರ್ಚಿಯ ಗಾಡಿ ಇಟ್ಟವನು. ತಾಯಿ ಗಂಗಮ್ಮ ಮನೆಯಲ್ಲೇ ರವಿಕೆ ಹೊಲಿಯುವಾಕೆ. ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆಯಾದ್ದರಿಂದ ಕಾಲೇಜಿಗೆ ಬರುವುದು ಸುಲಭ, ಬಂದ ಮೇಲೆ ಫೀಸು ಕಟ್ಟುವುದೇ ಕಷ್ಟ. ನಿಧಿಯ ಹಣ ಸಿಗದಿದ್ದರೆ ಮೂರನೆಯ ವರ್ಷ ಇಲ್ಲ ಎಂದು ಅವಳೇ ನನ್ನ ಮುಂದೆ ಹೇಳಿದ್ದಳು. ಮನೆ ನೋಡಲು ಯಾವತ್ತು ಬರಬೇಕೆಂದು ಕೇಳಿದಾಗ, “ಐತಾರ ಹನ್ನೊಂದಕ್ಕ ಬರ್ರಿ ಮೇಡಂ. ಮೊದ್ಲೂ ಬ್ಯಾಡ, ತಡಾನೂ ಮಾಡಬ್ಯಾಡ್ರಿ” ಎಂದಳು. ಮಕ್ಕಳಿಗೆ ಸಮಯದ ಬೆಲೆ ಗೊತ್ತಿರುವುದು ಕಂಡು ನನಗೆ ಸಂತೋಷವಾಯಿತು.

ಐತವಾರ ಕೊಟ್ರಬಸಪ್ಪನವರ ಕಾರಿನಲ್ಲಿ ಹೋಗಿ ಇಳಿದೆವು. ಬಾಗಿಲಲ್ಲೇ ರಂಗೋಲಿ, ಒಳಗಿನಿಂದ ಕೇಸರಿಬಾತಿನ ಘಮಘಮ. ಗಂಗಮ್ಮ ತಂಬಿಗೆಯಲ್ಲಿ ನೀರು ಹಿಡಿದು ಓಡಿಬಂದರು. “ಬರ್ರಿ ಬರ್ರಿ, ಕಾಲಿಗೆ ನೀರು ತಗಳ್ರಿ. ದಾರಿ ತ್ರಾಸಾತೇನ್ರಿ ಅಕ್ಕಾರ?” ಒಳಗೆ ಹೋದರೆ ಕೆಂಪು ಮಖಮಲ್ಲಿನ ಸೋಫಾ, ಗೋಡೆಯಗಲದ ಟಿ.ವಿ., ಮೂಲೆಯಲ್ಲಿ ನೀಲಿ ಫ್ರಿಜ್, ಅದರ ಮೇಲೆ ಪ್ಲಾಸ್ಟಿಕ್ ಗುಲಾಬಿ. ಕೊಟ್ರಬಸಪ್ಪನವರು ನನ್ನ ಮುಖ ನೋಡಿದರು. ನಾನು ಸೀಲಿಂಗ್ ಫ್ಯಾನ್ ನೋಡಿದೆ. ಅದೂ ಇತ್ತು.

ಗಂಗಮ್ಮ ಮಾತ್ರ ನಮ್ಮ ಬೆನ್ನ ಹಿಂದೆ ಯಾರನ್ನೋ ಹುಡುಕುತ್ತಿದ್ದರು. ಆಮೇಲೆ ಐವತ್ತು ದಾಟಿದ, ತಲೆ ಬೋಳಾದ ಕೊಟ್ರಬಸಪ್ಪನವರನ್ನು ಗಾಬರಿಯಿಂದ ನೋಡಿ, ದನಿ ತಗ್ಗಿಸಿ ನನ್ನನ್ನು ಕೇಳಿದರು: “ಅಕ್ಕಾರ, ಹುಡುಗ... ಇವರೇನ್ರಿ?”

ನನಗೆ ಅರ್ಥವಾಗುವಷ್ಟರಲ್ಲಿ ಕೊಟ್ರಬಸಪ್ಪನವರೇ ಬಾಯಿ ಹಾಕಿದರು. “ನಾವು ಹುಡುಗಿ ನೋಡಾಕೆ ಬಂದಿಲ್ಲಮ್ಮ, ಹುಡುಗಿನ ದಿನಾ ನೋಡ್ತೀವಿ. ನಿಮ್ಮ ಮನೆ ನೋಡಾಕೆ ಬಂದೀವಿ.”

“ನೋಡ್ರೀ, ನೋಡ್ರೀ, ಮನಿ ನೋಡೇ ಹೆಣ್ಣು ತರಬೇಕ್ರಿ” ಎಂದು ಗಂಗಮ್ಮ ಸಂಭ್ರಮದಿಂದ ಎಲ್ಲ ತೋರಿಸತೊಡಗಿದರು. ಟಿ.ವಿ. ತೋರಿಸಿದರು. ಫ್ರಿಜ್ಜಿನ ಬೆನ್ನು ಸವರಿದರು. ಕೊಟ್ರಬಸಪ್ಪನವರು ಒಂದೊಂದಕ್ಕೂ ನಿಟ್ಟುಸಿರು ಬಿಟ್ಟು ಸೊನ್ನೆ ಸುತ್ತಿದರು. ಅಷ್ಟರಲ್ಲಿ ಶಿಲ್ಪಾ ಒಳಗಿನಿಂದ ಬಂದು, “ನಮಸ್ಕಾರ ಮೇಡಂ, ನಮಸ್ಕಾರ ಸರ್” ಎಂದಳು. ಗಂಗಮ್ಮನ ಮುಖ ಒಮ್ಮೆಲೇ ಇಳಿದುಹೋಯಿತು. “ಮೇಡಂ? ಯಾವ ಮೇಡಂಲೇ? ಇವ್ರು ಹೊಳಲಿನೋರಲ್ಲಾ?” ಆ ಕ್ಷಣಕ್ಕೇ ಹೊರಗೆ ಇನ್ನೊಂದು ಕಾರು ಬಂದು ನಿಂತಿತು. ನಿಜವಾದ ಗಂಡಿನ ಕಡೆಯವರು, ಹೊಳಲಿನವರು, ಬಂದಿದ್ದರು.

ಗಂಗಮ್ಮ ನನ್ನೆರಡೂ ಕೈ ಹಿಡಿದುಕೊಂಡರು. “ಮೇಡಮ್ಮಾರ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದ್ ತಾಸು ನಮ್ಮ ಬಳಗ ಅಂತ ಕುಂದರ್ರಿ. ಎರಡು ಕಡಿಯಿಂದ ಬಂದೋರು ಮನಿ ನೋಡಿ, ಹುಡುಗೀನ ನೋಡದ ಹೋಗ್ಯಾರ. ಇದೂ ತಪ್ಪಿದ್ರ ಊರಾಗ ನಗ್ತಾರ್ರಿ.” ಅವರ ಕಣ್ಣಲ್ಲಿ ನೀರು ಬಂದಿತ್ತು. ನಾಗವ್ವನ ಮನೆಯಲ್ಲಿ ಆ ಅಮ್ಮನ ಕಣ್ಣೀರು ನೋಡಿದ್ದ ನನಗೆ, ಇದು ಬಾಡಿಗೆಯದಲ್ಲ ಎಂದು ಗೊತ್ತಾಯಿತು. ನಾನು ಹುಡುಗಿಯ ದೊಡ್ಡಮ್ಮನಾಗಿ ಸೋಫಾದ ತುದಿಯಲ್ಲಿ ಕುಳಿತೆ. ಕೊಟ್ರಬಸಪ್ಪನವರು ಯಾರ ಬಳಗವಾಗಲೂ ಒಪ್ಪದೆ, ಫೈಲು ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಬಂದವರಲ್ಲಿ ಹಿರಿಯರು ಹುಡುಗನ ಅಪ್ಪ, ವೀರನಗೌಡರು. ಬಿಳಿ ಅಂಗಿ, ಕುತ್ತಿಗೆಗೆ ಸುತ್ತಿದ ವಲ್ಲಿ, ಮನೆಯನ್ನು ಒಂದು ಸುತ್ತು ತೂಗಿ ನೋಡುವ ಕಣ್ಣು. ಹುಡುಗ ಪಾಪ, ಮೊಬೈಲು ನೋಡುತ್ತ ಮೂಲೆ ಹಿಡಿದ. ಗೌಡರು ಉಪ್ಪಿಟ್ಟು ಮುಗಿಸಿ ಪ್ರಶ್ನೆ ಶುರು ಮಾಡಿದರು. ಮನೆ ಸ್ವಂತದ್ದೋ? ಎಷ್ಟು ಅಂಕಣ? ಹೊಲ ಐತೋ? ದುಡಿಯೋರೆಷ್ಟು, ಉಣ್ಣೋರೆಷ್ಟು? ಕೊಟ್ರಬಸಪ್ಪನವರು ಬೆರಗಾಗಿ ನನ್ನ ಕಿವಿಯಲ್ಲಿ, “ಮೇಡಂ, ನಮ್ಮ ಪ್ರಶ್ನೆಗಳೇ, ಅದೇ ಕ್ರಮದಾಗೆ” ಎಂದರು. ನಿಜ. ನಾವು ಎರಡು ದಿನ ತಲೆ ಕೆಡಿಸಿಕೊಂಡು ಮಾಡಿದ ಕೆಲಸವನ್ನು ಈ ನಾಡಿನ ಗಂಡಿನ ಕಡೆಯವರು ಅನಾದಿ ಕಾಲದಿಂದ ಮಾಡುತ್ತ ಬಂದಿದ್ದರು. ಗಂಗಮ್ಮ ಎಲ್ಲಕ್ಕೂ ಉದಾರವಾಗಿ ಉತ್ತರಿಸುತ್ತಿದ್ದರು. ಗಾಡಿ ‘ಹೋಟೆಲು’ ಆಯಿತು. ಹೊಲಿಗೆ ಯಂತ್ರ ‘ಟೇಲರಿಂಗ್ ಅಂಗಡಿ’ ಆಯಿತು. ಬಸಣ್ಣ ಬಾಗಿಲಿಗೆ ಒರಗಿ, ನೆಲ ನೋಡುತ್ತ ನಿಂತಿದ್ದ. ಗೌಡರು ತಮ್ಮದನ್ನೂ ಹೇಳಿಕೊಂಡರು: ಎಂಟೆಕರೆ ನೀರಾವರಿ, ಎರಡು ಬೋರು, ಸ್ವಂತ ಟ್ರ್ಯಾಕ್ಟರು.

“ಹಂಗಾದ್ರ ಹುಡುಗಿಗೆ ಏನ್ ಹಾಕ್ತೀರಿ?” ಎಂದು ಗೌಡರು ಕೇಳುವ ಹೊತ್ತಿಗೆ ಶಿಲ್ಪಾ ಚಹಾದ ತಟ್ಟೆ ಹಿಡಿದು ಬಂದಳು. ತಟ್ಟೆ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು: “ಹಾಕಾಕ ಏನೂ ಇಲ್ರಿ. ನಮ್ಮದು ಬಡತನ ಐತಿ. ಅದನ್ನ ಬರಕೊಳ್ಳಾಕಂತನ ಕಾಲೇಜಿನಿಂದ ಇವ್ರು ಬಂದಾರ. ಬೇಕಾದ್ರ ಸರ್‌ನ ಕೇಳ್ರಿ.”

ಗಂಗಮ್ಮ ಕುಸಿದು ಕುಳಿತರು. ಎಲ್ಲರ ಕಣ್ಣೂ ಕೊಟ್ರಬಸಪ್ಪನವರ ಮೇಲೆ ಬಿತ್ತು. ಅವರು ಕನ್ನಡಕ ಸರಿಮಾಡಿಕೊಂಡರು, ಫೈಲು ತೆರೆದರು, ಕೂಡಿದರು, ಇನ್ನೊಮ್ಮೆ ಕೂಡಿದರು. “ಇಲ್ಲಮ್ಮ” ಎಂದರು. “ನಾವು ಕಣ್ಣಾರೆ ನೋಡಿದ ಪ್ರಕಾರ ನೀವು ಬಡವರಲ್ಲ. ಸೋಫಾ ಐತೆ, ಟಿ.ವಿ. ಐತೆ, ಫ್ರಿಜ್ ಐತೆ. ಒಂದು ಅಂಕಾನೂ ಬರಲ್ಲ.”

ಆ ಹುಡುಗಿಯ ಮುಖ ನಾನು ಮರೆಯಲಾರೆ. ಅವರೆಲ್ಲ ಹೋದ ಮೇಲೆ ಅವಳೇ ನನಗೆ ಹೇಳಿದಳು: “ಬೇಕಂತನ ಒಂದ ಹೊತ್ತಿಗೆ ಕರೆಸಿದ್ದೆ ಮೇಡಂ. ನೀವು ಬಡವರು ಅಂದಕೂಡ್ಲೆ ಅವ್ರು ಎದ್ದು ಹೋಗ್ತಾರ, ಮದುವಿ ತಪ್ಪತೈತಿ, ಫೀಸೂ ಸಿಗತೈತಿ ಅನ್ಕಂಡಿದ್ದೆ. ಸರ್ ನಮ್ಮನ್ನ ಶ್ರೀಮಂತರ ಮಾಡಿಬಿಟ್ರು.” ಗೌಡರಿಗೋ ಪರಮಾನಂದ. ಹೆಣ್ಣಿನ ಕಡೆಯವರ ಆಸ್ತಿಗೆ ಡಿಗ್ರಿ ಕಾಲೇಜಿನ ಪ್ರೊಫೆಸರೊಬ್ಬರು ಸಾಕ್ಷಿ ಹೇಳುವ ಭಾಗ್ಯ ಯಾವ ಬೀಗನಿಗೆ ಸಿಕ್ಕಿದೆ! “ಹುಡುಗಿ ನಾಚಿಕಿಗೆ ಹಂಗ ಅಂತಾಳ. ನಮಗ ಒಪ್ಪಿಗಿ” ಎಂದುಬಿಟ್ಟರು. ಗಂಗಮ್ಮ ಎದ್ದು ಒಪ್ಪಿಗೆಯ ಸಕ್ಕರೆ ತರಲು ಹೊರಟರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಆ ತಾಯಿಯ ಮಾನ ಕಳೆಯದೆ ಮಗಳ ಓದು ಉಳಿಸುವ ಮಾತು ನನ್ನ ಯಾವ ಅಧ್ಯಾಯದಲ್ಲೂ ಇರಲಿಲ್ಲ.

ಆಗ ಗೌಡರೇ ಕೇಳಿದರು. “ಅಲ್ರೀ ಸರ, ಕಾಲೇಜಿನಾಗ ಬಡವರಿಗೆ ರೊಕ್ಕ ಕೊಡ್ತಾರೇನು?”

“ಹೌದು. ವರ್ಷದ ಪೂರ್ತಿ ಫೀಸು.”

ಗೌಡರು ವಲ್ಲಿಯಿಂದ ಮುಖ ಒರೆಸಿಕೊಂಡರು. ಕುರ್ಚಿಯನ್ನು ಕೊಟ್ರಬಸಪ್ಪನವರ ಹತ್ತಿರಕ್ಕೆ ಎಳೆದುಕೊಂಡರು. ದನಿ ಮೆತ್ತಗಾಯಿತು. “ನಮ್ಮ ಸಣ್ಣ ಹುಡುಗನ್ನ ಬರೋ ವರ್ಷ ನಿಮ್ಮ ಕಾಲೇಜಿಗೇ ಹಾಕಬೇಕಂತ ಮಾಡೀವ್ರಿ. ಅವನ ಹೆಸರು ಬರಕಂಡ್ರ ಚಲೋ ಆಕ್ಕತಿ. ನಮ್ಮದೂ ಬಡತನಾನ.”

“ಎಂಟೆಕರೆ ನೀರಾವರಿ ಅಂದ್ರಿ?” ಅರ್ಜಿ ಬಂದರೆ ಕೊಟ್ರಬಸಪ್ಪನವರು ಬಿಡುವವರಲ್ಲ, ಆಗಲೇ ಹೊಸ ಹಾಳೆ ತೆಗೆದಿದ್ದರು.

“ನೀರಾವರಿ ಅಂದ್ರ... ನೀರು ಇದ್ರ ನೀರಾವರಿ. ಬೋರಿನಾಗ ಗಾಳಿ ಬಿಟ್ರ ಏನೂ ಬರಂಗಿಲ್ಲ. ಅದರಾಗ ನಾಕೆಕರೆ ನಮ್ಮಣ್ಣಂದು.”

“ಟ್ರ್ಯಾಕ್ಟರು?”

“ಮಾವಂದ್ರಿ ಅದು. ನಾವು ಸುಮ್ನ ಹೊಡಿತೀವಿ. ಬರಕಳ್ರಿ ಸರ, ಟ್ರ್ಯಾಕ್ಟರ್ ಇಲ್ಲ.”

“ಈ ಕಾರು?”

“ಬಾಡಿಗಿದು, ಸಂಜಿ ತನಕ.”

ಸಕ್ಕರೆಯ ಬಟ್ಟಲು ಹಿಡಿದ ಗಂಗಮ್ಮ ನಡುಮನೆಯ ಬಾಗಿಲಲ್ಲಿ ನಿಂತು ಒಂದೊಂದನ್ನೂ ಕೇಳಿಸಿಕೊಳ್ಳುತ್ತಿದ್ದರು. ಗೌಡರು ಹುರುಪಿನಲ್ಲಿದ್ದರು; ಒಂದೊಂದು ಅಂಕಕ್ಕೂ ಒಂದೊಂದು ಆಸ್ತಿ ಕಳೆದುಕೊಳ್ಳುತ್ತ, ನೋಡನೋಡುತ್ತಲೇ ಬಡವರ ಪಟ್ಟಿಯ ತುದಿಗೆ ಏರಿಬಿಟ್ಟರು. ಗಂಗಮ್ಮ ಬಟ್ಟಲನ್ನು ಫ್ರಿಜ್ಜಿನ ಮೇಲೆ ಕುಕ್ಕಿದರು. “ಟ್ರ್ಯಾಕ್ಟರ್ ನಿಮ್ದಲ್ಲೇನ್ರೀ? ಹೊಲದಾಗ ಅರ್ಧ ಇಲ್ಲ, ಕಾರು ಬಾಡಿಗಿದು. ಹುಡುಗಿಗೆ ಏನ್ ಹಾಕ್ತೀರಿ ಅಂತ ನೀವು ಕೇಳಾದು, ನಿಮ್ಮನ್ಯಾಗ ನನ್ನ ಮಗಳಿಗೆ ಉಣ್ಣಾಕ ಏನೈತಿ?”

“ಅದು ಕಾಲೇಜಿನ ಲೆಕ್ಕಕ್ಕ ಹೇಳಿದ್ನಬೇ!” ಎಂದರು ಗೌಡರು.

“ಯಾವ ಲೆಕ್ಕ ಖರೇ ಅಂತ ಮೊದ್ಲು ಮನಿಗೆ ಹೋಗಿ ಗಟ್ಟಿ ಮಾಡಿಕ್ಯಂಡು ಬರ್ರಿ. ನಾವು ಈಗ ಕೊಡಂಗಿಲ್ಲ.”

ಅದುವರೆಗೆ ಮಾತಾಡದ ಬಸಣ್ಣ ತಲೆಯೆತ್ತಿ ಹೆಂಡತಿಯನ್ನು ನೋಡಿ, “ಮುಗೀತಲ್ಲ? ಫ್ರಿಜ್ ಇವತ್ತ ವಾಪಸ್ ಕೊಡ್ತೀನಿ, ಸಂಜಿ ದಾಟಿದ್ರ ಮತ್ತೊಂದು ದಿನದ ಬಾಡಿಗಿ ಬೀಳ್ತತಿ” ಎಂದ. ಅವನ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು. ಹೊಳಲಿನವರ ಕಾರು ಬೀದಿ ತಿರುಗುವ ಮುಂಚೆಯೇ ಪಕ್ಕದ ಮನೆಯವರು ತಮ್ಮ ಸೋಫಾ, ಟಿ.ವಿ. ವಾಪಸ್ ಒಯ್ಯಲು ಬಂದರು. ನಾವು ಎದ್ದು ನಿಂತೆವು.

ನಿಜವಾದ ಯುದ್ಧ ಕಾಲೇಜಿನಲ್ಲಿತ್ತು. ಸೋಫಾ ಹೋದದ್ದನ್ನು ತಾವೂ ನೋಡಿದ್ದರೂ ಕೊಟ್ರಬಸಪ್ಪನವರು ಹಾಳೆ ತಿದ್ದಲು ಒಪ್ಪಲಿಲ್ಲ. “ಪರಿಶೀಲನೆ ಟೈಮಿನಾಗೆ ಇತ್ತಲ್ಲ ಮೇಡಂ. ಪರೀಕ್ಷೆ ಮುಗಿದ ಮೇಲೆ ಉತ್ತರ ತಿದ್ದಾಕೆ ಬಿಡ್ತೀವಾ?” ನಾನು ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ, ಅವರು ಗಮನಿಸಲಿಲ್ಲ. ಮೂರನೆಯ ದಿನ ಗಂಗಮ್ಮನೇ ಬಸ್ಸು ಹತ್ತಿ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. “ಸರ, ಈಗ ಬಂದು ನೋಡ್ರಿ. ನಮ್ಮ ಹುಡುಗಿ ಹೊಳಲಿಗೆ ಹೋಗಂಗಿಲ್ಲ, ಕಾಲೇಜಿಗೇ ಬರ್ತಾಳ. ಆದ್ರ ಬಡವರು ಅಂತ ಹೆಸರು ನೋಟೀಸ್ ಬೋರ್ಡಿಗೆ ಹಚ್ಚಬ್ಯಾಡ್ರಿ. ಓದೋರು ಅಂತ ಹಚ್ಚರಿ.” ಹಾಗೆ ಹಚ್ಚುವ ನಿಯಮವೂ ಇರಲಿಲ್ಲ, ಹಚ್ಚಬಾರದೆಂಬ ನಿಯಮವೂ ಇರಲಿಲ್ಲ. ಮರುಪರೀಕ್ಷೆಗೆ ನಿಯಮವಿದೆ ಎಂದು ಕೊಟ್ರಬಸಪ್ಪನವರಿಗೆ ಹೊಳೆಯಿತು. ಮತ್ತೆ ಹೋದೆವು. ಖಾಲಿ ನಡುಮನೆಯಲ್ಲಿ ನಿಂತು ಅವರು ಅಂಕ ಹಾಕುತ್ತ ಹೋದರು. ಕೊನೆಗೆ ತಮ್ಮ ಸ್ವಂತ ಮಗಳು ಪಾಸಾದಷ್ಟು ಸಂತೋಷದಿಂದ, “ಫಸ್ಟ್ ಕ್ಲಾಸ್ ಬಂತಮ್ಮ!” ಎಂದರು. ಗಂಗಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಶಿಲ್ಪಾ ಜೋರಾಗಿ ನಕ್ಕಳು. ಈಗ ಮೂರನೆಯ ವರ್ಷದಲ್ಲಿದ್ದಾಳೆ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಹಣ ವಿತರಣೆಯ ಸಮಾರಂಭ ಇನ್ನೂ ಇತ್ತಲ್ಲ. ಆ ದಿನಕ್ಕೆಂದು ನಾನು ಮಣ್ಣಿನ ಬಣ್ಣದ ಕೈಮಗ್ಗದ ಸೀರೆ ಉಟ್ಟೆ. ಅಂಥ ಸೀರೆಯ ಗುಣ ಹೆಚ್ಚಾದಷ್ಟೂ ಅದು ಹಳೆಯದರಂತೆ ಕಾಣುತ್ತದೆ, ಬೆಲೆ ಮಾತ್ರ ಹೇಳಬಾರದು. ಗಂಗಮ್ಮ ಯಾರೋ ಫಾಲ್ ಹಚ್ಚಲು ಕೊಟ್ಟಿದ್ದ ಜರಿ ಸೀರೆ ಉಟ್ಟು ಝಗಝಗ ಬಂದರು. ಸ್ವಾಗತಕ್ಕೆ ನಿಂತ ಬೇರೆ ಊರಿನ ಸ್ವಯಂಸೇವಕಿಯರು ಅವರನ್ನು “ಬನ್ನಿ ಮೇಡಂ” ಎಂದು ಮುಂದಿನ ಸಾಲಿಗೆ ಕರೆದೊಯ್ದರು. ನನ್ನನ್ನು “ಅಮ್ಮಾ, ಫಲಾನುಭವಿಗಳು ಈ ಕಡೆ” ಎಂದು ಗೋಡೆ ಬದಿಗೆ ಕೂಡಿಸಿದರು. ಎದ್ದು ಹೇಳೋಣವೆಂದರೆ ನಾಡಗೀತೆ ಶುರುವಾಯಿತು. ಅದು ಮುಗಿಯುತ್ತಲೇ ದಾನಿಗಳು ವೇದಿಕೆಯಿಂದ ಇಳಿದು ಸಾಲಿನುದ್ದಕ್ಕೂ ಬಂದು, ನನ್ನ ಮುಂದೆ ನಿಂತು, ಕರುಣೆಯಿಂದ ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. “ಧೈರ್ಯವಾಗಿರಮ್ಮ, ಕಷ್ಟ ಹಿಂಗ ಇರಂಗಿಲ್ಲ.” ನಾನು, “ಸರ್, ಈ ಸೀರೆ...” ಎಂದೆ. “ಸೀರಿಗೇನಾತಮ್ಮ? ಸ್ವಚ್ಛ ಇದ್ರ ಸಾಕು” ಎಂದು ಮುಂದೆ ಹೋದರು. ಮೂವತ್ತು ಜನರ ಬಡತನವನ್ನು ಪರಿಶೀಲಿಸುವಾಗ ಬರದ ಸಿಟ್ಟು ಅವತ್ತು ಒಂದೇ ಗಳಿಗೆಯಲ್ಲಿ ಬಂತು. ಫೋಟೋದವನು ಅದೇ ಗಳಿಗೆಯನ್ನು ಹಿಡಿದ.

ಮರುದಿನ ಊರಿನ ಪತ್ರಿಕೆಯಲ್ಲಿ ನೆರವು ಪಡೆದ ತಾಯಿಯಾಗಿ ನಾನು ಅಚ್ಚಾದೆ. ನಮ್ಮ ಯಜಮಾನರು ಚಹಾ ಕುಡಿಯುತ್ತ ಬಹಳ ಹೊತ್ತು ನೋಡಿ, “ಭಾಳ ಚಲೋ ಬಂದೈತಿ. ನೋಡಿದ್ರ ನನಗೂ ಪಾಪ ಅನ್ನಿಸ್ತತಿ. ಬುಟ್ಟಿಯಾಗ ರೊಕ್ಕಾನೂ ಇತ್ತೇನು?” ಎಂದರು. ಈ ವರ್ಷವೂ ಪ್ರಿನ್ಸಿಪಾಲರು ನನ್ನನ್ನೇ ಸಮಿತಿಗೆ ಕೇಳಿದ್ದಾರೆ, ಈ ಸಲ ಅಧ್ಯಕ್ಷೆಯಾಗಿ. ಒಪ್ಪಿಕೊಂಡಿದ್ದೇನೆ. ಅಂಕಪಟ್ಟಿ ಬದಲಾಯಿಸಬೇಕೇ ಎಂದು ಅವರು ಕೇಳಿದಾಗ, ಅದನ್ನು ನಿಧಾನವಾಗಿ ನೋಡೋಣ ಎಂದೆ. ಮೊದಲು ಸಮಾರಂಭದ ದಿನ ಅಧ್ಯಾಪಕರೆಲ್ಲರ ಎದೆಗೂ ಹೆಸರಿನ ಬಿಲ್ಲೆ ಮಾಡಿಸಬೇಕು, ಹುದ್ದೆಯನ್ನು ದೂರದಿಂದಲೂ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಬರೆಸಬೇಕು ಎಂದು ಷರತ್ತು ಹಾಕಿದ್ದೇನೆ.